ಅಂಗೀಕಾರ ಎಂಬ ಒಂದು ಪದ

ತೀರ್ಪನ್ನು ಕೊನೆಯ ಪುಟದಿಂದ ಓದುವುದು ನನ್ನ ಚಾಳಿ. ಜಯನಗರದಲ್ಲಿ ವಕೀಲಿಕೆ ಮಾಡಿಕೊಂಡು, ಬಿಡುವಿನಲ್ಲಿ ಹೊಸ ತೀರ್ಪುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಬ್ಲಾಗ್ ಬರೆಯುತ್ತೇನೆ. ಈ ಕೆಲಸದಲ್ಲಿ ಈಗ ವಿಪರೀತ ಪೈಪೋಟಿ. ಆದೇಶದ ಪ್ರತಿ ಬರುವುದೇ ತಡ, ಯಾರೋ ಒಬ್ಬರು ಶೀರ್ಷಿಕೆ ಹಾಕಿ ಮುಗಿಸಿರುತ್ತಾರೆ. ಆಮೇಲಾದರೂ ಆದೇಶ ಓದುತ್ತಾರೋ ಇಲ್ಲವೋ, ದೇವರೇ ಬಲ್ಲ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮಧ್ಯಾಹ್ನ ಬಿಟಿಎಂ ಲೇಔಟಿನ ಖಾನಾವಳಿಗೆ ಊಟಕ್ಕೆ ಹೋದೆ. ಅದನ್ನು ನಡೆಸುವಾಕೆ ವಿಜಯಪುರದ ಕಡೆಯವಳು. ಜಾಗ ಬಾಡಿಗೆಯದು. ಖಾಲಿ ಮಾಡಿಸಲು ಮಾಲೀಕರು ಹೂಡಿದ ದಾವೆಯಲ್ಲಿ ಸೋತು ಹೈಕೋರ್ಟಿಗೆ ಹೋಗಿದ್ದಳು. ಅಂದು ಕೇಳದೆಯೇ ನನ್ನ ತಟ್ಟೆಗೆ ಶೇಂಗಾ ಹೋಳಿಗೆ ಬಿತ್ತು.

"ಗೆದ್ವಿರೀ ಸರ್!" ಎಂದು ಮೊಬೈಲನ್ನು ಮುಖಕ್ಕೆ ಹಿಡಿದಳು. ಯಾವನೋ ಬ್ಲಾಗಿಗ ದಪ್ಪಕ್ಷರದಲ್ಲಿ ಬರೆದಿದ್ದ: 'ಖಾನಾವಳಿ ಪ್ರಕರಣ: ಬಾಡಿಗೆದಾರಳ ಮೇಲ್ಮನವಿ ಅಂಗೀಕಾರ'.

ಎಡಗೈಯಲ್ಲೇ ಫೋನಿನಲ್ಲಿ ಆದೇಶ ಹುಡುಕಿದೆ. ಅದರಲ್ಲಿದ್ದ ಪದ 'ಅಡ್ಮಿಟ್'. ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರೆ, ಅಷ್ಟೇ. ಗೆದ್ದಿದ್ದರೆ 'ಅಲೌ' ಎಂದಿರುತ್ತಿತ್ತು. ಕನ್ನಡದಲ್ಲಿ ಎರಡಕ್ಕೂ ಅಂಗೀಕಾರ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ತಡೆಯಾಜ್ಞೆಯ ಸುದ್ದಿಯೇ ಇರಲಿಲ್ಲ; ಅದರ ಅರ್ಜಿಯನ್ನು ಮುಂದಿನ ವಾರಕ್ಕೆ ಹಾಕಿದ್ದರು. ಅಲ್ಲಿಯವರೆಗೆ ಕೆಳಗಿನ ಕೋರ್ಟಿನ ಆದೇಶವೇ ಊರ್ಜಿತ. ಮಾಲೀಕರು ಮನಸ್ಸು ಮಾಡಿದರೆ ಕೋರ್ಟಿನ ಅಮೀನ ಬಂದು ಪಾತ್ರೆಪಡಗ ಹೊರಗಿಡಿಸಬಹುದು.

ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದೆ. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ.

ಆಕೆ ಅಳಲಿಲ್ಲ. ಬಾಗಿಲ ಕಡೆ ನೋಡಿ, ಬಗ್ಗಿ ಪಿಸುಗುಟ್ಟಿದಳು. "ಮಾಲೀಕ್ರೂ ಇದನ್ನ ಓದ್ಯಾರ್ರಿ. ಸೋತೆ ಅಂತ ತಿಳ್ಕೊಂಡಾರ. ಕೋರ್ಟು ಸಾಕು, ಇನ್ನ ಮೂರು ವರ್ಷ ಇರ್ರಿ ಅಂದಾರ. ಕರಾರಿಗೆ ಸಹಿ ಮಾಡಾಕ ಈಗ ಬರಾಕತ್ತಾರ. ನೀವು ಇವತ್ತ ಏನೂ ಬರೀಬ್ಯಾಡ್ರಿ ಸರ್, ಕೈ ಮುಗೀತೀನಿ."

ಬರೆಯದೆ ಇರುವುದೇನು ಮಹಾ, ಇರಬಹುದು ಅನಿಸಿತು. ನಾನು ಅವರ ವಕೀಲನಲ್ಲ, ಇವಳ ವಕೀಲನೂ ಅಲ್ಲ. ಬೇಗ ಕೈ ತೊಳೆದು ಜಾರಿಕೊಳ್ಳೋಣ ಎಂದು ಏಳುವಷ್ಟರಲ್ಲಿ ಮಾಲೀಕರು ಒಳಗೆ ಬಂದರು. ನಮ್ಮ ಜಯನಗರದವರೇ, ನಿವೃತ್ತ ಮೇಷ್ಟ್ರು. ಕಂಕುಳಲ್ಲಿ ಕರಾರಿನ ಕಾಗದ, ಕೈಯಲ್ಲಿ ಆಗಲೇ ಮುಚ್ಚಳ ತೆಗೆದ ಪೆನ್ನು.

ನನ್ನನ್ನು ಕಂಡು ಅವರ ಮುಖ ಅರಳಿತು. "ಅರೆ, ನೀವಾ ಸಾರ್! ನಿಮ್ಮ ಬ್ಲಾಗು ಒಂದು ದಿನಾನೂ ಬಿಡಲ್ಲ ನಾನು. ಇವತ್ತು ನೀವಿನ್ನೂ ಬರ್ದೇ ಇಲ್ವಲ್ಲ. ನಾನು ಸೋತೆ ತಾನೇ?"

ಆಕೆ ಆಗಲೇ ಹಂಚಿನ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉತ್ತರಕ್ಕಾಗಿ ತಡಕಾಡಿದೆ.

"ನಿಮ್ಮ ವಕೀಲರನ್ನ ಒಂದು ಮಾತು ಕೇಳಿ ಸಾರ್."

"ಅವರು ಊರಲ್ಲಿಲ್ಲ. ನೀವು ಹೇಳಿದ್ರೆ ಸಾಕು. ನೀವು ತಪ್ಪು ಹೇಳಲ್ಲ ಅಂತ ಗೊತ್ತು."

ಆ ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ಅದನ್ನು ಕೇಳಿ ನನಗೆ ಹೆಮ್ಮೆಯೂ ಆಯಿತು, ಈಗ ನೆನೆದರೆ ಅದೇ ಅಸಹ್ಯ. "ಇಲ್ಲ ಸಾರ್, ಸೋತಿಲ್ಲ," ಎಂದೆ. ಅಡ್ಮಿಟ್, ಅಲೌ, ತಡೆಯಾಜ್ಞೆ, ಎಲ್ಲವನ್ನೂ ವಿವರಿಸಿದೆ. ಅವರು ಮೇಷ್ಟ್ರಾಗಿದ್ದವರು, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಪೆನ್ನಿಗೆ ಮುಚ್ಚಳ ಹಾಕಿ, ಆಕೆಯ ಕಡೆ ತಿರುಗದೆ, ಬಂದ ದಾರಿಯಲ್ಲೇ ಹೊರಟುಹೋದರು.

ನಾನು ತಟ್ಟೆಯ ಮುಂದೆ ಕುಳಿತೇ ಇದ್ದೆ. ಆಕೆ ಬಂದು ಬಿಸಿ ರೊಟ್ಟಿ ಹಾಕಿದಳು.

"ಎಷ್ಟ ಚಂದ ಬಿಡಿಸಿ ಹೇಳ್ತೀರಿ ಸರ್," ಎಂದಳು. "ಯಾರಿಗಾದ್ರೂ ತಿಳೀತದ."