ಐದನೆಯ ಸೈಕಲ್ಲಿನ ಗಂಜಿ

ಕಾಸೊಂಗಾನಿನ ಕುಂಬಾರ ಕೇರಿಯಲ್ಲಿ ಪೊನಿರಾನನ ಮಣ್ಣಿನ ಒಲೆಯನ್ನು ಕಣ್ಣು ಮುಚ್ಚಿಕೊಂಡೇ ಕೊಳ್ಳಬಹುದು. ಮನುಷ್ಯನೂ ಹಾಗೆಯೇ, ಎಲ್ಲೂ ಬಿರುಕಿಲ್ಲದ ಆಸಾಮಿ. ಇದ್ದದ್ದು ಒಂದೇ ಚಟ, ಡಚ್ಚರ ಕಾಲದ ಹಳೇ ಸೈಕಲ್ಲುಗಳದ್ದು. ಮನೆಯಲ್ಲಿ ಆಗಲೇ ನಾಲ್ಕಿದ್ದವು. ಮಲಗುವ ಕೋಣೆಯಲ್ಲಿ ಎರಡು, ನಡುಮನೆಯಲ್ಲಿ ಒಂದು, ಅಡುಗೆಮನೆಯ ಗೋಡೆಗೆ ಒರಗಿಸಿದ್ದು ಇನ್ನೊಂದು. ಹೆಂಡತಿ ತುಮಿರಾಹ್ ಬೆಳಗಾಗೆದ್ದು ಅರಿಶಿನ ಶುಂಠಿ ಅರೆದು ಜಾಮು ಕಷಾಯ ಕಾಯಿಸಿ, ಬಾಟಲಿಗಳ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಾರಲು ಹೊರಡುವಾಗ ಆ ಅಡುಗೆಮನೆಯ ಸೈಕಲ್ಲಿನ ಪೆಡಲು ಕಾಲಿಗೆ ತಗುಲದ ದಿನವಿಲ್ಲ. ಬೈಯುತ್ತಿರಲಿಲ್ಲ. ಪೆಡಲನ್ನು ಕಾಲಿನಿಂದಲೇ ಆಚೆ ಸರಿಸಿ ಹೋಗುತ್ತಿದ್ದಳು.

ಈಗ ಐದನೆಯದು ಬಂದಿತ್ತು. ಮನೆಗಲ್ಲ, ಗೆಳೆಯ ಜುಮಾದಿಯ ದನದ ಕೊಟ್ಟಿಗೆಗೆ.

ಪ್ರೊಗೊ ನದಿಯಾಚೆಯ ಗುಡ್ಡದೂರಿಗೆ ಒಲೆ ಕೊಡಲು ಹೋಗಿದ್ದಾಗ ಅದು ಕಣ್ಣಿಗೆ ಬಿದ್ದದ್ದು. ಮುದುಕ ವಿರೊನ ಕಣಜದ ತೊಲೆಗೆ ನೇತುಹಾಕಿದ್ದ ಹೆಂಗಸರ ಸೈಕಲ್ಲು. ಮೇಲೆ ಕೋಳಿಗಳು ಸಂಸಾರ ಹೂಡಿದ್ದವು. ಪೊನಿರಾನ್ ಸುಮ್ಮನೆ ಬೆರಳು ತಾಗಿಸಿ ಮುಂದಿನ ಗಾಲಿ ತಿರುಗಿಸಿದ. ತಿರುಗಿತು. ಸದ್ದಿಲ್ಲ, ಅಲುಗಾಟವಿಲ್ಲ. ವಿರೊ ಲವಂಗದ ಸಿಗರೇಟು ಹಚ್ಚಿ ಅರ್ಧ ಸೇದಿದರೂ ಗಾಲಿ ತಿರುಗುತ್ತಲೇ ಇತ್ತು. ಪೊನಿರಾನ್ ಚಿಕ್ಕಂದಿನಿಂದ ಕುಂಬಾರನ ತಿಗರಿ ತಿರುಗಿಸಿದವನೇ. ತಿರುಗುವ ವಸ್ತು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಗುಡಿಯೊಳಗೆ ನಿಂತವನ ಹಾಗೆ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದಕ್ಕೆ ಬದಲಾಗಿ ಆವಿಗೆಯಲ್ಲಿ ಒಂದು ಸಲ ಸುಡುವಷ್ಟು ಒಲೆ ಕೊಡುತ್ತೇನೆಂದು ಅಲ್ಲೇ ಮಾತು ಕೊಟ್ಟುಬಿಟ್ಟ.

ಮುಚ್ಚಿಟ್ಟುಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಹೊಸ ಗಾಡಿಯೊಂದು ಮನೆಗೆ ಬಂದರೆ ಕೆಂಪು ಬಿಳಿ ಗಂಜಿ ಆಗಲೇಬೇಕು: ಬೆಲ್ಲ ಹಾಕಿದ್ದು ಕೆಂಪು, ತೆಂಗಿನ ಹಾಲಿನದು ಬಿಳಿ. ಹಿರಿಯರೊಬ್ಬರು ಅದರ ಮುಂದೆ ಪ್ರಾರ್ಥನೆ ಹೇಳಬೇಕು, ಗಾಡಿಗೊಂದು ಹೆಸರಿಡಬೇಕು, ಗಂಜಿ ಕೇರಿಗೆಲ್ಲ ಹಂಚಬೇಕು. ಗಂಜಿ ಕಾಣದ ಸೈಕಲ್ಲನ್ನು ಹತ್ತುವ ಧೈರ್ಯ ಆ ಕೇರಿಯಲ್ಲಿ ಯಾರಿಗೂ ಇಲ್ಲ. ಆ ಗಂಜಿಯನ್ನು ಬೇಯಿಸಬೇಕಾದವಳು ಮನೆಯ ಹೆಂಡತಿ. ಯಾರಿಂದ ಮುಚ್ಚಿಡಬೇಕೋ ಅವಳ ಕೈಯಲ್ಲೇ ಸೌಟು ಹಿಡಿಸಬೇಕು! ಪೊನಿರಾನ್ ಒಂದು ವಾರ ಮಣ್ಣು ತುಳಿಯುತ್ತ ಕಾರಣ ಹುಡುಕಿದ.

ಸಂಜೆ ತುಮಿರಾಹ್ ಬೇಯಿಸಿದ ಮರಗೆಣಸು, ಚಹಾ ತಂದಿಟ್ಟಾಗ ಶುರುಮಾಡಿದ. ಮಕ್ಕಳಿದ್ದ ಮನೆಗಳಲ್ಲಿ ಗಂಡ ಹೆಂಡತಿ 'ಮಗೂನ ಅಪ್ಪ', 'ಮಗೂನ ಅಮ್ಮ' ಎಂದು ಕರೆದುಕೊಳ್ಳುತ್ತಾರೆ. ಇವರು ಮದುವೆಯಾದ ದಿನ ಹೇಗೋ ಇಂದಿಗೂ ಹಾಗೇ, ಅವಳ ಬಾಯಲ್ಲಿ ಅವನು ಮಸ್, ಅವನ ಬಾಯಲ್ಲಿ ಅವಳು ದಿಕ್.

"ದಿಕ್, ಗಂಡಸಾದವನಿಗೆ ಐದು ಇರ್ಬೇಕು ಅಂತ ಹಿರಿಯರು ಹೇಳಿಲ್ವಾ? ಮನೆ, ಹೆಂಡತಿ, ಕುದುರೆ, ಹಾಡೋ ಹಕ್ಕಿ, ಕಠಾರಿ. ಈ ಕಾಲದಲ್ಲಿ ಕುದುರೆ ಅಂದ್ರೆ ಸೈಕಲ್ಲೇ ತಾನೆ?"

"ಮನೆ ಒಂದು, ಹೆಂಡತಿ ಒಂದು, ಹಕ್ಕಿ ಒಂದು. ಕುದುರೆ ಮಾತ್ರ ಯಾಕೆ ನಾಲ್ಕು?" ಎಂದಳು ತುಮಿರಾಹ್. "ಇರ್ಲಿ, ಐದನೇದನ್ನ ಎಲ್ಲಿ ಕಟ್ಟಿದೀರಿ ಮಸ್?"

ಚಹಾ ನೆತ್ತಿಗೇರಿತು. "ಜುಮಾದಿ ಕೊಟ್ಟಿಗೇಲಿ."

"ಸದ್ಯ, ಹುಲ್ಲಿಗೇನೂ ಬರ ಇಲ್ಲ."

"ಹೆಂಗಸರ ಸೈಕಲ್ಲು ಕಣೆ, ನಿನಗೇ ಅಂತ..."

"ಬೆನ್ನ ತುಂಬ ಬಾಟ್ಲಿ ಕಟ್ಕೊಂಡು ಸೈಕಲ್ ತುಳೀಲಾ? ಸರ್ಕಸ್ ಕಂಪನಿಗೂ ಮಾತಾಡಿ ಬಂದಿದೀರಾ?"

"ಹೋಗ್ಲಿ, ಅದಕ್ಕೂ ನನಗೂ ಏನೋ ಋಣಾನುಬಂಧ..."

"ಹೋದ ಸಲದ್ದಕ್ಕೂ ಋಣಾನುಬಂಧಾನೇ ಇತ್ತು. ನಿಮ್ಮ ಜನ್ಮಜನ್ಮದ ಋಣವೆಲ್ಲ ತುಕ್ಕು ಹಿಡಿದ ಕಬ್ಬಿಣದ ಜೊತೆಗೇನಾ?"

ಪೊನಿರಾನ್ ನಕ್ಕ. ಅವಳು ನಗಲಿಲ್ಲ. "ಸೈಕಲ್ ತನ್ನಿ, ಬೇಡ ಅನ್ನಲ್ಲ. ಗಂಜಿ ಮಾತ್ರ ನಾನು ಮಾಡಲ್ಲ," ಎಂದಳು.

"ಗಂಜಿ ಇಲ್ದೆ ಹೇಗೆ ದಿಕ್?"

"ಹೋದ ಸಲ ಹಂಚೋಕೆ ಹೋದಾಗ ಪಕ್ಕದ್ಮನೆ ಸುಪಿನಾಹ್ ಬಾಗಿಲಲ್ಲೇ ನಿಂತು ಕೇಳಿದ್ಳು, 'ಈ ಸಲ ಗಂಡೋ ಹೆಣ್ಣೋ ತುಮಿ?' ಅಂತ. ಕೇರಿ ಎಲ್ಲ ನಕ್ತು. ನೀವೂ ನಕ್ರಿ, ಮಸ್. ನಾನು ತಿರುಗಿ ನೋಡ್ದೆ."

ಪೊನಿರಾನನ ಕೈಯ ಗೆಣಸು ಕೈಯಲ್ಲೇ ಉಳಿಯಿತು. ಅವನು ನಕ್ಕದ್ದು ನಿಜ. ಒಳ್ಳೇ ತಮಾಷೆ ಎಂದೇ ನಕ್ಕಿದ್ದ. ಮಗು ಹುಟ್ಟಿ ಹೆಸರಿಡುವ ದಿನ ಮಾಡುವುದೂ ಇದೇ ಕೆಂಪು ಬಿಳಿ ಗಂಜಿ. ತುಮಿರಾಹ್ ಅದನ್ನು ನಾಲ್ಕು ಸಲ ಬೇಯಿಸಿದ್ದಳು, ನಾಲ್ಕೂ ಸಲ ಸೈಕಲ್ಲಿಗೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಇದು ಹೊಳೆದೇ ಇರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನಾಳೇನೇ ವಾಪಸ್ ಕೊಟ್ಟು ಬರ್ತೀನಿ," ಎಂದ. ಮನಸಾರೆ ಎಂದ.

ತುಮಿರಾಹ್ ಲೋಟಗಳನ್ನು ಎತ್ತಿಕೊಂಡು ಎದ್ದವಳು ಬಾಗಿಲಲ್ಲಿ ನಿಂತಳು. "ವಾರದಿಂದ ಕಾರಣ ಹುಡುಕಿದ್ರಲ್ಲ. ನಿಜವಾದ್ದು ಯಾವುದು?"

"ಅದು ತಿರುಗೋದು ನೋಡಿ ಉಸಿರು ನಿಂತೋಯ್ತು ದಿಕ್. ಅಷ್ಟೇ. ಅದನ್ನ ಯಾರೋ ಮಾಡಿ, ಸತ್ತೂ ಹೋಗಿದಾನೆ. ಮೇಲೆ ಕೋಳಿ ಹಿಕ್ಕೆ. ಯಾರೂ ಮುಟ್ಟಿಲ್ಲ, ಯಾರಿಗೂ ಬೇಕಿಲ್ಲ. ಆದ್ರೂ ಒಳಗೆ ಒಂದಿಷ್ಟೂ ಕೆಟ್ಟಿಲ್ಲ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ನಿನಗೆ ಹೇಳೋಣ ಅಂತಾನೇ ಓಡಿ ಬಂದೆ. ಬಂದು ಸುಳ್ಳು ಹೇಳ್ಕೊಂಡು ಕೂತೆ."

ಅವಳು ಲೋಟಗಳನ್ನು ಒಳಗೆ ಒಯ್ದಳು. ಮರುದಿನ ಜಾಮು ಮಾರಿ ಬರುವಾಗ ಮನೆಗೆ ಬಾರದೆ ನೇರ ಜುಮಾದಿಯ ಕೊಟ್ಟಿಗೆಗೆ ನಡೆದಳು. ಅಲ್ಲಿ ಪೊನಿರಾನ್ ಸೈಕಲ್ಲನ್ನು ಹಿಂದಕ್ಕೆ ಒಯ್ಯಲು ಗೋಣಿ ಸುತ್ತುತ್ತಿದ್ದ. ತುಮಿರಾಹ್ ಬುಟ್ಟಿ ಇಳಿಸಿ, "ಎತ್ತಿ ಹಿಡೀರಿ," ಎಂದಳು. ಅವನು ಮುಂಭಾಗ ಎತ್ತಿ ಹಿಡಿದ. ಅರಿಶಿನ ಹತ್ತಿದ ಬೆರಳಿನಿಂದ ಅವಳು ಗಾಲಿಯನ್ನು ಮೆಲ್ಲಗೆ ತಳ್ಳಿದಳು. ಗಾಲಿ ಹೊರಟಿತು. ಅವಳು ಕಿವಿ ಹತ್ತಿರ ತಂದಳು. ಆಮೇಲೆ ಹುಲ್ಲಿನ ಮೇಲೆ ಕೂತೇಬಿಟ್ಟಳು. ಪೊನಿರಾನನ ತೋಳು ನೋಯತೊಡಗಿದರೂ ಅವನು ಕೆಳಗಿಳಿಸಲಿಲ್ಲ, ಅವಳೂ ಸಾಕು ಎನ್ನಲಿಲ್ಲ. ಗಾಲಿ ತಾನಾಗಿ ನಿಂತ ಮೇಲೆ ಅವಳು ಮೂಗೊರೆಸಿಕೊಂಡು, "ಮನೇಲಿ ಬೆಲ್ಲ ಇಲ್ಲ, ಹೋಗಿ ತನ್ನಿ," ಎಂದಳು.

ಗಂಜಿಯಾಯಿತು. ಕೇರಿಯ ಹಿರಿಯ ಬಂದು ಪ್ರಾರ್ಥನೆ ಹೇಳಿ, "ಹೆಸರೇನಪ್ಪ?" ಎಂದು ಕೇಳಿದ. ಹಿಂದಿನ ನಾಲ್ಕಕ್ಕೂ ರಾಜರ ಕಠಾರಿಗಿಡುವಂಥ ಗಡಸು ಹೆಸರುಗಳನ್ನು ಪೊನಿರಾನನೇ ಇಟ್ಟಿದ್ದ. ಈ ಸಲವೂ ಅಂಥದ್ದೊಂದು ಹೇಳಲು ಬಾಯಿ ತೆರೆದ.

"ಲಾರಸ್," ಎಂದಳು ತುಮಿರಾಹ್. ಶ್ರುತಿ ಕೂಡಿದ್ದು ಎಂಬರ್ಥದ, ಹೆಣ್ಣುಮಕ್ಕಳಿಗಿಡುವ ಹೆಸರು.

ಪೊನಿರಾನ್ ಅವಳ ಕಡೆ ತಿರುಗಿದ. "ಚೆನ್ನಾಗಿದೆ. ಯಾವಾಗ ಹೊಳೀತು?"

"ಮದುವೆಯಾದ ವರ್ಷ. ಎಷ್ಟು ದಿನ ಅಂತ ಇಟ್ಕೊಳ್ಳಲಿ ಮಸ್, ಯಾರಿಗಾದ್ರೂ ಇಡ್ಬೇಕಲ್ಲ."

ಅಷ್ಟು ಅಂದವಾದ ಸೈಕಲ್ಲು ಪಕ್ಕದಲ್ಲಿ ನಿಂತಿತ್ತು. ಪೊನಿರಾನ್ ಅದನ್ನು ನೋಡಲಿಲ್ಲ, ಹೆಂಡತಿಯನ್ನೇ ನೋಡಿದ. ಇಂಥದ್ದೊಂದನ್ನು ಎದೆಯಲ್ಲಿಟ್ಟುಕೊಂಡು ಇವಳು ದಿನಾ ಬುಟ್ಟಿ ಹೊತ್ತು ಊರು ಸುತ್ತಿದಳೇ ಎಂದು ಬೆರಗಾದ. ತುಮಿರಾಹ್ ಗಂಜಿಯ ತಟ್ಟೆ ಎತ್ತಿಕೊಳ್ಳಲು ಬಗ್ಗಿದಾಗ ಅವನು ಅಡ್ಡ ಬಂದು ತಾನೇ ತೆಗೆದುಕೊಂಡ. ಆ ಕೇರಿಯಲ್ಲಿ ಗಂಡಸರು ಗಂಜಿ ಹಂಚುವುದಿಲ್ಲ. ಅವನು ಬಾಗಿಲು ಬಾಗಿಲಿಗೂ ಹೋಗಿ, ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, "ನಮ್ಮ ಲಾರಸ್‌ದು, ತಗೊಳ್ಳಿ," ಎಂದ. ಯಾರೂ ನಗಲಿಲ್ಲ.