ಬೋರ್ಡ್ ಪೇಂಟರ್ ಬರೆದ ಕವಚ

ಎಪ್ಪತ್ತರ ದಶಕದಲ್ಲಿ ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡ್ ಬರೆಯುವ ಪೇಂಟರೊಬ್ಬರಿದ್ದರು. ತಮ್ಮ ಅಂಗಡಿಯ ಗೋಡೆಯ ಮೇಲೆ ವಾರಕ್ಕೊಂದು ಚಿತ್ರದಂತೆ, ಕವಚ ತೊಟ್ಟ ವೀರನೊಬ್ಬನ ಕಥೆಯನ್ನೂ ಬರೆಯುತ್ತಿದ್ದರು. ಮೊದಲು ಅವನ ಕವಚ ನೀರಿನ ಹಂಡೆಯಂತಿತ್ತು. ಆಮೇಲೆ ಮೊಣಕಾಲಿಗೆ ಕೀಲು ಬಂತು, ಬೆನ್ನಿಗೆ ಮೋಟಾರು ಬಂತು. “ಇನ್ನೂ ಹಗುರ ಆಗ್ಬೇಕ್ರೀ” ಎನ್ನುತ್ತಾ ಪೇಂಟರು ಹಳೆಯದಕ್ಕೆ ಸುಣ್ಣ ಬಳಿಯುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ನಾವು, ಬಸ್ಸು ತಪ್ಪಿದರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ಸೊಪ್ಪಿನ ಅಜ್ಜಿ ಒಂದು ದಿನ ಬುಟ್ಟಿ ಇಳಿಸಿ ಕೇಳಿದಳು: “ಎಲ್ಲಾ ಚೆಂದ ಐತಪ್ಪಾ. ಅಳು ಬಂದ್ರೆ ಇವ್ನು ಕಣ್ಣು ಹೆಂಗೆ ಒರೆಸ್ಕೊಳ್ತಾನೆ?”

ಪೇಂಟರು ಕುಂಚ ಕೆಳಗಿಟ್ಟರು. “ಅದು ನಂಗೆ ಹೊಳೀಲೇ ಇಲ್ಲ ನೋಡಜ್ಜಿ.”

ಮುಂದಿನ ವಾರ ವೀರನ ಮುಖದ ಮುಚ್ಚಳ ತೆರೆದಿತ್ತು. ಬಲಗೈ ಬೆರಳುಗಳ ಮೇಲೆ ಲೋಹವೇ ಇರಲಿಲ್ಲ. ಅಜ್ಜಿ ಆ ಬೆರಳುಗಳನ್ನು ಮೆಲ್ಲಗೆ ಮುಟ್ಟಿದಳು. ಹಸಿ ಬಣ್ಣ ಕಲಸಿಹೋಯಿತು. ಪೇಂಟರು ಅದನ್ನು ತಿದ್ದದೆ ಹಾಗೇ ಬಿಟ್ಟರು.