ಎಡಗಾಲು ಚಾಚಿದ ಗಂಡ

ಹನ್ನೊಂದು ಜನ ಬಲಗಾಲು ಚಾಚಿದ್ದರು. ನನ್ನ ಗಂಡ ಎಡಗಾಲು ಚಾಚಿದರು.

ಪವಿತ್ರ ಗುರುವಾರದ ಸಂಜೆ. ತಮಿಳುನಾಡಿನ ತಾಂಬರಂನ ನಮ್ಮ ಚರ್ಚ್. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಫಾದರ್ ನಮ್ಮಲ್ಲೇ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಒಬ್ಬೊಬ್ಬರದೂ ಬಲಗಾಲು ಮಾತ್ರ. ನೀರು ಹುಯ್ದು, ಟವೆಲ್‌ನಲ್ಲಿ ಒರೆಸಿ, ಬಾಗಿ ಮುತ್ತಿಡುವುದು ಪದ್ಧತಿ. ವಯಸ್ಸಾದ ಫಾದರ್ ಮಂಡಿಯೂರಿ, ಹೂಜಿ ಹಿಡಿದು ಕಾಯುತ್ತಿದ್ದಾರೆ. ನಮ್ಮ ಮಹಾಶಯರು ಎಡಗಾಲು ಮುಂದಿಟ್ಟು ಫ್ಯಾನ್ ನೋಡುತ್ತಿದ್ದಾರೆ. ಹಾಡುವವರು ಹಾಡು ಮುಗಿಸಿ, ಬೇರೆ ದಾರಿಯಿಲ್ಲದೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಹೆಂಗಸರ ಸಾಲಿನಲ್ಲಿದ್ದ ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

ಗಂಡನ ಪರಿಚಯ ಮಾಡಿಬಿಡುತ್ತೇನೆ. ಹೆಸರು ರಾಯಪ್ಪ, ಹಾಸನದ ಕಡೆಯವರು. ಮಣಲಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದಿನವಿಡೀ ಕಾಲಿಗೆ ಕಬ್ಬಿಣದ ಮೂತಿಯ ಸೇಫ್ಟಿ ಶೂ. ಶುಗರ್ ಇದೆ. ದೇವರ ವಿಷಯದಲ್ಲಿ ಮಾತ್ರ ಲಾಸ್ಟ್ ಬೆಂಚ್. ಪೂಜೆಗೆ ಬರುತ್ತಾರೆ, ಬಾಗಿಲ ಹತ್ತಿರ ನಿಲ್ಲುತ್ತಾರೆ, ಮುಗಿದ ತಕ್ಷಣ ಬೈಕ್ ಸ್ಟಾರ್ಟ್ ಮಾಡುತ್ತಾರೆ.

ಹಾಗಾಗಿ ಈ ಸಲ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನನ್ನ ಪ್ರಾರ್ಥನೆ ಒಂದೇ ಆಗಿತ್ತು. ದೇವರೇ, ನನ್ನ ಗಂಡನ ವಿಶ್ವಾಸ ಬೆಳೆಸು. (ನನ್ನದು ಬೆಳೆದು ಮುಗಿದಿದೆ ಎಂಬ ಧೈರ್ಯ ನೋಡಿ!) ದಿನಾ ಸಂಜೆ ಜಪಸರ ಹಿಡಿದು ಅವರ ಪಕ್ಕದಲ್ಲೇ ಮಂಡಿಯೂರುತ್ತಿದ್ದೆ. ಕೊನೆಯ ಬೇಡಿಕೆಯನ್ನು ಅವರಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೆ.

ಆಗ ಬಂತು ಫಾದರ್ ಫೋನ್. ಕಾಲು ತೊಳೆಸಿಕೊಳ್ಳುವವರಲ್ಲಿ ರಾಯಪ್ಪನೂ ಇರಲಿ ಎಂದರು. ನನ್ನ ಪ್ರಾರ್ಥನೆಗೆ ಇಷ್ಟು ಬೇಗ ಉತ್ತರವೇ? ಇವರು ಮಾತ್ರ ಬೇಡವೇ ಬೇಡ ಎಂದು ಕೂತರು. ನಾನು ಬಿಡುತ್ತೇನೆಯೇ? ಮಾತು ಬಿಟ್ಟೆ, ಮುಖ ಊದಿಸಿದೆ. ಕಡೆಗೆ ಒಪ್ಪಿದರು.

ಕಾಲು ತೊಳೆಸಿಕೊಳ್ಳಲು ಹೋಗುವವರು ಮನೆಯಲ್ಲೇ ಚೆನ್ನಾಗಿ ಕಾಲು ತೊಳೆದುಕೊಂಡು ಹೋಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಹನ್ನೆರಡರಲ್ಲಿ ಒಬ್ಬರಂತೂ ಪಾರ್ಲರ್‌ಗೆ ಹೋಗಿ ಪೆಡಿಕ್ಯೂರ್ ಮಾಡಿಸಿಕೊಂಡು ಬಂದಿದ್ದರು. ಫಾದರ್ ಕೈಗೆ ಕೊಳೆ ಸಿಕ್ಕರೆ ಮನೆತನದ ಮರ್ಯಾದೆ ಏನಾಗಬೇಕು? ನಾನೂ ಬುಧವಾರ ಸಂಜೆ ಬಿಸಿನೀರು, ಬ್ರಷ್ಷು ತಂದಿಟ್ಟೆ. ಇವರು ಸಾಕ್ಸ್ ಬಿಚ್ಚಲಿಲ್ಲ. ಎಸಿ ಚಳಿ ಎಂದರು. ನಾನೇ ತೊಳ್ಕೋತೀನಿ, ನೀನು ಹೋಗು ಎಂದರು.

ಮಗಳು ಫೋನಿನಿಂದ ತಲೆ ಎತ್ತದೆ ಕೇಳಿದಳು. ನಾವು ಕನ್ನಡದಲ್ಲಿ ಏನೇ ಅಂದರೂ ಅವಳದು ತಮಿಳಿನಲ್ಲೇ ಉತ್ತರ.

“ಅಪ್ಪಾ, ಇಂದ ವೆಯಿಲ್ಲ ಎದುಕ್ಕು ಸಾಕ್ಸ್?”

ಈ ಬಿಸಿಲಲ್ಲಿ ಸಾಕ್ಸ್ ಯಾಕೆ? ನ್ಯಾಯವಾದ ಪ್ರಶ್ನೆ. ಜಪಸರದ ಹೊತ್ತಾಯಿತು, ಸುಮ್ಮನಿರು ಎಂದು ನಾನು ಅವಳನ್ನೇ ಗದರಿದೆ.

ಈಗ ಮತ್ತೆ ಚರ್ಚಿಗೆ ಬನ್ನಿ. ಫಾದರ್ ಏನೋ ಪಿಸುಗುಟ್ಟಿದರು. (“ಇನ್ನೊರು ಕಾಲ್, ರಾಯಪ್ಪಾ” ಎಂದರಂತೆ.) ಇವರು ಅಲ್ಲಾಡಲಿಲ್ಲ. ಫಾದರ್ ಏಳಲೂ ಇಲ್ಲ, ಮುಂದಿನವರ ಕಡೆ ಸರಿಯಲೂ ಇಲ್ಲ. ಬಹಳ ಹೊತ್ತಾದ ಮೇಲೆ ಬಲಗಾಲು ನಿಧಾನವಾಗಿ ಹೊರಗೆ ಬಂತು. ಕಿರುಬೆರಳಿನ ಬುಡಕ್ಕೆ ಪ್ಲಾಸ್ಟರ್ ಸುತ್ತಿತ್ತು. ಫಾದರ್ ಒಂದು ಕ್ಷಣ ನೋಡಿದರು. ಪ್ಲಾಸ್ಟರ್ ತಪ್ಪಿಸಿ ನೀರು ಬಿಟ್ಟರು, ಟವೆಲನ್ನು ಒತ್ತದೆ ಬರೀ ಮುಟ್ಟಿಸಿದರು, ಬಾಗಿ ಮುತ್ತಿಟ್ಟರು.

ಪೂಜೆ ಮುಗಿದ ಮೇಲೆ ಫಾದರ್ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ಪಾದವೆಲ್ಲ ಊದಿ ಬಿಸಿಯಾಗಿದೆ, ನಾಳೆ ಶಿಲುಬೆ ಹಾದಿಯ ಮೆರವಣಿಗೆಗೆ ಬರಬೇಡಿ, ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಎಂದರು.

ಶುಭ ಶುಕ್ರವಾರ ಆಟೋದಲ್ಲಿ ಕೂತಾಗ ಇವರು ಬಾಯಿಬಿಟ್ಟರು. ಹೊರಗೆ ನೋಡುತ್ತಲೇ ಹೇಳಿದರು. “ಅಪ್ಪನ್ನೂ ಹಿಂಗೇ ಕರ್ಕೊಂಡು ಹೋದ್ವಿ. ಮೊದ್ಲು ಬೆರಳು ತೆಗೆದ್ರು, ಆಮೇಲೆ ಪಾದ. ಅದ್ಕೇ ನಿಂಗೆ ಹೇಳ್ಲಿಲ್ಲ.”

ಅವರ ಕೈ ಹಿಡಿದುಕೊಂಡೆ. ಈ ಮನುಷ್ಯ ಇಷ್ಟು ದಿನ ಒಬ್ಬರೇ ಹೆದರಿಕೊಂಡು ಪಕ್ಕದಲ್ಲಿ ಮಲಗಿದ್ದರು. ನಾನು ಅವರ ಆತ್ಮಕ್ಕಾಗಿ ಬೇಡಿಕೊಳ್ಳುತ್ತಿದ್ದೆ.

ಡಾಕ್ಟರ್ ಗಾಯ ಒತ್ತಿ ನೋಡಿದರು. ಎಕ್ಸ್‌ರೇ ಬರುವ ತನಕ ಕಾರಿಡಾರಿನಲ್ಲಿ ಕೂತೆವು. ಜಪಸರ ಬ್ಯಾಗಿನಲ್ಲಿತ್ತು. ತೆಗೆಯಲು ಕೈ ಬರಲಿಲ್ಲ, ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ಕಡೆಗೆ ಡಾಕ್ಟರ್ ಕರೆದು, ಮೂಳೆಗೆ ಇಳಿದಿಲ್ಲ, ಬೆರಳು ಉಳಿಯುತ್ತದೆ, ಆದರೆ ಆ ಶೂ ಸದ್ಯಕ್ಕೆ ಬೇಡ ಎಂದರು. ಅಬ್ಬಾ ಎಂದೆ. ಅವತ್ತಿನ ನನ್ನ ಪ್ರಾರ್ಥನೆ ಅಷ್ಟೇ. ಸಾಕಾಗಿರಬೇಕು.

ಈಗ ಗಾಯ ಒಣಗಿದೆ. ಮೊನ್ನೆ ಕಾಫಿ ಕೊಡುತ್ತಾ ಕೇಳಿದೆ, ನನಗೆ ತೋರಿಸದ ಕಾಲನ್ನು ಇಡೀ ಚರ್ಚಿನ ಮುಂದೆ ಹೇಗೆ ತೋರಿಸಿದಿರಿ ಅಂತ. ಭಕ್ತಿಯ ಉತ್ತರ ಬರಬಹುದು ಎಂಬ ಆಸೆ ಇನ್ನೂ ಇತ್ತು ನನಗೆ.

“ಫಾದರ್‌ಗೆ ಮಂಡಿ ನೋವು ಕಣೇ. ನಾನು ಕಾಲು ಕೊಡೋ ತನಕ ಅವ್ರು ಏಳೋ ಹಂಗಿರ್ಲಿಲ್ಲ. ಪಾಪ ಅನ್ನಿಸ್ತು.”

ಅಷ್ಟೇ. ನನ್ನ ಗಟ್ಟಿ ದನಿಯ ಬೇಡಿಕೆಗೆ ಜಗ್ಗದ ಮನುಷ್ಯ ಒಬ್ಬ ಮುದುಕರ ಮಂಡಿಗೆ ಕರಗಿದ್ದರು. ಇದಕ್ಕಿಂತ ದೊಡ್ಡ ವಿಶ್ವಾಸ ಇವರಿಗೆ ಯಾಕೆ ಬೇಕು, ಹೇಳಿ? ಬೆಳೆಯಬೇಕಾದವಳು ನಾನು. ಕಾಲು ತೊಳೆಯುವವರಿಗೆ ಬಾಗಿದರೆ ಸಾಕು, ತೊಳೆಸಿಕೊಳ್ಳುವವರು ಹುಣ್ಣನ್ನೂ ತೋರಿಸಬೇಕು. ಅದು ಇನ್ನೂ ಕಷ್ಟ ಎಂದು ನನಗೆ ಹೊಳೆದೇ ಇರಲಿಲ್ಲ.

ಈಗ ದಿನಾ ಸಂಜೆ ಜಪಸರಕ್ಕೆ ಮೊದಲು ಇವರು ಸ್ಟೂಲಿನ ಮೇಲೆ ಎರಡೂ ಕಾಲು ಚಾಚುತ್ತಾರೆ. ಮಗಳು ಮೊಬೈಲ್ ಟಾರ್ಚ್ ಬಿಡುತ್ತಾಳೆ. ನಾನು ಬೆರಳ ಸಂದುಗಳನ್ನೆಲ್ಲ ನೋಡುತ್ತೇನೆ. ಕಚಗುಳಿಯಾಗಿ ಇವರು ನಗುತ್ತಾರೆ, ಪ್ರಾರ್ಥನೆ ತಡವಾಗುತ್ತದೆ. ಆಗಲಿ.

ಅಂದ ಹಾಗೆ, ಈ ಸೆಕೆಯಲ್ಲೂ ಸಾಕ್ಸ್ ಬಿಚ್ಚದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರಾ?